ಸಭೆಯಲ್ಲಿ ಮಾತಾಡದವರು

ತೀರಿಕೊಂಡವರ ಬಗ್ಗೆ ಒಳ್ಳೆಯದನ್ನು ಮಾತ್ರ ಬರೆಯಬೇಕು ಎನ್ನುವವರು ಇದನ್ನು ಇಲ್ಲಿಗೇ ಬಿಟ್ಟು ಬೇರೆ ಪುಟ ತಿರುವಿಕೊಳ್ಳಬಹುದು. ಹೋದ ತಿಂಗಳು ಅವರ ಹೆಂಡತಿ ಸ್ಟಾಕ್‌ಹೋಮಿನಿಂದ ಫೋನ್ ಮಾಡಿ "ಹೋಗಿಬಿಟ್ರಮ್ಮ" ಎಂದಾಗ ನಾನು ಅತ್ತದ್ದು ನಿಜ. ಫೋನ್ ಇಟ್ಟ ಮೇಲೆ ಸಿಟ್ಟು ಬಂದದ್ದೂ ಅಷ್ಟೇ ನಿಜ. ಇಷ್ಟು ವರ್ಷಗಳಾದರೂ ಅವರ ವಿಷಯದಲ್ಲಿ ನನಗೆ ಅಳುವೂ ಸಿಟ್ಟೂ ಒಟ್ಟಿಗೇ ಬರುತ್ತವೆ. ಒಂದನ್ನು ಬಿಟ್ಟು ಇನ್ನೊಂದನ್ನು ಬರೆಯುವುದು ನನ್ನ ಕೈಲಾಗದು. ಹೆಸರು ಹಾಕುವುದಿಲ್ಲ. ಅವರನ್ನು ಬಲ್ಲವರಿಗೆ ನಾಲ್ಕು ಸಾಲಿನಲ್ಲಿ ಗೊತ್ತಾಗಿಬಿಡುತ್ತದೆ, ಉಳಿದವರಿಗೆ ಹೆಸರು ಕಟ್ಟಿಕೊಂಡು ಆಗಬೇಕಾದ್ದೇನೂ ಇಲ್ಲ.

ಎರಡು ಸಾವಿರದ ಐದರಲ್ಲಿ ನಾನು ಸ್ಟಾಕ್‌ಹೋಮಿಗೆ ಅಂಟಿಕೊಂಡಿರುವ ಸೋಲ್ನಾದ ಒಂದು ಸಾಫ್ಟ್‌ವೇರ್ ಕಚೇರಿಗೆ ಸೇರಿದೆ. ಅಲ್ಲಿ ಕನ್ನಡದವರು ನಾಲ್ಕೈದು ಮಂದಿ ಇದ್ದೆವು. ನಾನು ಹೇಳಹೊರಟವರು ನಮಗೆಲ್ಲ ಹಿರಿಯರು. ಎಂಬತ್ತರ ದಶಕದಲ್ಲೇ ಧಾರವಾಡ ಬಿಟ್ಟು ಸ್ಯಾಂಡ್‌ವಿಕೆನ್‌ನ ಉಕ್ಕಿನ ಕಾರ್ಖಾನೆಗೆ ಎಂಜಿನಿಯರ್ ಆಗಿ ಬಂದವರು, ಆಮೇಲೆ ಕಂಪ್ಯೂಟರ್ ಕಲಿತು ಸೋಲ್ನಾ ಸೇರಿದವರು. ನಾವೆಲ್ಲ ವರ್ಕ್ ಪರ್ಮಿಟ್ಟಿನ ಮೇಲೆ ಇದ್ದರೆ ಅವರು ಅಲ್ಲಿನ ಪ್ರಜೆಯೇ ಆಗಿದ್ದರು. ಸ್ವೀಡನ್ನಿನಲ್ಲಿ ಮಂತ್ರಿಯನ್ನೂ ಹೆಸರು ಹಿಡಿದೇ ಕರೆಯುತ್ತಾರೆ. ಮೊದಲ ದಿನ ನಾನು "ಸರ್" ಎಂದದ್ದಕ್ಕೆ, "ಇಲ್ಲಿ ಸರ್ ಗಿರ್ ಎಲ್ಲ ಇಲ್ಲಮ್ಮ, ಹೆಸರು ಹಿಡಿದು ಕರೀಬೇಕು" ಎಂದರು. "ಆಯ್ತು ಸರ್" ಎಂದೆ. ಅವರು ಸೋತವರಂತೆ ನಕ್ಕರು. ಕೊನೆಯವರೆಗೂ ನಮಗೆ ಅವರು ಸರ್ ಆಗಿಯೇ ಉಳಿದರು.

ಕುಳ್ಳಗಿದ್ದರು. ಮೀಸೆ ದಪ್ಪ, ಮಾತು ಮೆತ್ತಗೆ. ನಮ್ಮ ಜೊತೆ ಆಡುವಾಗ ಧಾರವಾಡದ ಕನ್ನಡವನ್ನು ಒಗೆದು ಇಸ್ತ್ರಿ ಮಾಡಿಟ್ಟಂತೆ ಬೆಂಗಳೂರಿನದನ್ನಾಗಿ ಮಾಡಿಕೊಂಡು ಆಡುತ್ತಿದ್ದರು. ಅವರದೊಂದು ಅಭ್ಯಾಸವಿತ್ತು. ಏನಾದರೂ ಹೇಳಬೇಕಾದರೆ ನಮ್ಮ ಮೊಣಕೈಯನ್ನು ಎರಡು ಬೆರಳಿನಿಂದ ಮುಟ್ಟಿ, "ಒಂದ್ನಿಮಿಷ ಈ ಕಡೆ ಬಾಮ್ಮ" ಎಂದು ಕಿಟಕಿಯ ಹತ್ತಿರ ಕರೆದುಕೊಂಡು ಹೋಗುವರು. ಹೇಳುವುದು ನಾಳೆ ರೈಲು ಇಲ್ಲ ಎಂಬಷ್ಟೇ ವಿಷಯವಾಗಿದ್ದರೂ ಸರಿ, ನಾಲ್ಕು ಜನರ ಮುಂದೆ ಹೇಳುತ್ತಿರಲಿಲ್ಲ. ಒಬ್ಬೊಬ್ಬರನ್ನೇ ಕರೆದು ನಾಲ್ಕು ಸಲ ಹೇಳುತ್ತಿದ್ದರು. ನಾವು ಬೆನ್ನ ಹಿಂದೆ ಇದನ್ನು ಅಭಿನಯಿಸಿ ನಗುತ್ತಿದ್ದೆವು.

ಈ ವಿದ್ಯೆಯನ್ನು ಅವರು ಕಲಿತದ್ದು ಒಬ್ಬ ಅಮೆರಿಕನ್ ಮುತ್ಸದ್ದಿಯಿಂದ. ಸ್ಯಾಂಡ್‌ವಿಕೆನ್‌ನ ಮೊದಲ ಚಳಿಗಾಲದಲ್ಲಿ ಭಾಷೆ ಬಾರದೆ, ಸ್ನೇಹಿತರಿಲ್ಲದೆ ಊರ ಲೈಬ್ರರಿಗೆ ಹೋಗಿ ಕೂರುತ್ತಿದ್ದರಂತೆ. ಇಂಗ್ಲಿಷ್ ಪುಸ್ತಕಗಳ ಕಪಾಟು ಒಂದೇ ಒಂದು. ಪತ್ತೇದಾರಿ ಕಾದಂಬರಿಗಳು ಮುಗಿದವು, ಅಡುಗೆ ಪುಸ್ತಕಗಳು ಮುಗಿದವು, ಕೊನೆಗೆ ಉಳಿದದ್ದು ಈ ಮಹಾನುಭಾವನ ಇಟ್ಟಿಗೆಯಂಥ ಜೀವನಚರಿತ್ರೆ. ಅಮೆರಿಕ ಇಂಗ್ಲೆಂಡಿನ ಕೈಯಿಂದ ಬಿಡಿಸಿಕೊಂಡು ಹೊಸ ದೇಶವಾಯಿತಲ್ಲ, ಅದನ್ನು ಕಟ್ಟಿದವರಲ್ಲಿ ಹಿಂದಿನ ಸಾಲಿನವನು. ನೋಟಿನ ಮೇಲೆ ಅವನ ಮುಖವಿಲ್ಲ, ಶಾಲೆಯ ಪುಸ್ತಕದಲ್ಲಿ ಹೆಸರಿಲ್ಲ. ಸರ್ ಆ ಪುಸ್ತಕವನ್ನು ಓದಿ ಮುಗಿಸಿ ಮತ್ತೆ ಮೊದಲಿನಿಂದ ಓದಿದರಂತೆ. ಚಳಿಗಾಲ ಅಷ್ಟು ಉದ್ದವಿತ್ತು.

ಬೆಳಿಗ್ಗೆ ಒಮ್ಮೆ, ಮಧ್ಯಾಹ್ನ ಒಮ್ಮೆ ಇಡೀ ಕಚೇರಿ ಎದ್ದು ಕಾಫಿಗೆ ಹೋಗುವುದು ಅಲ್ಲಿನ ಪದ್ಧತಿ. ಫೀಕಾ ಎನ್ನುತ್ತಾರೆ. ಅಲ್ಲಿ ಹವಾಮಾನ, ರಜೆ, ಬೇಸಿಗೆ ಮನೆಗೆ ಬಳಿಯುವ ಬಣ್ಣ ಇಂಥವನ್ನೇ ಮಾತಾಡಬೇಕು, ಕೆಲಸದ ತಕರಾರು ತೆಗೆದರೆ ಎಲ್ಲರೂ ಬಟ್ಟಲಿನೊಳಗೆ ನೋಡುತ್ತಾರೆ. ನಮ್ಮ ಕನ್ನಡದ ಮೇಜಿನಲ್ಲಿ ಮಾತ್ರ ಅಮೆರಿಕದ ಕಥೆ. ಆ ಮುತ್ಸದ್ದಿ ದಕ್ಷಿಣದ ಒಬ್ಬ ಹೊಗೆಸೊಪ್ಪಿನ ಜಮೀನ್ದಾರನ ಕಿರಿಯ ಮಗ, ವಕೀಲಿ ಓದಿದವನು. ಚಿಕ್ಕ ವಯಸ್ಸಿನಲ್ಲೇ ವಸಾಹತುಗಳ ಪ್ರತಿನಿಧಿಗಳ ಸಭೆಗೆ ಆರಿಸಿಹೋದ. ಧ್ವನಿ ಕೀರಲು, ಭಾಷಣಕ್ಕೆ ಎದ್ದರೆ ಜನ ನಗುವರು. ಹಾಗಾಗಿ ಸಭೆಯಲ್ಲಿ ಬಾಯಿಯನ್ನೇ ಬಿಡುತ್ತಿರಲಿಲ್ಲ. ಸಂಜೆ ಎಲ್ಲರೂ ಉಳಿದುಕೊಂಡಿದ್ದ ಛತ್ರದಲ್ಲಿ ಊಟಕ್ಕೆ ಒಬ್ಬೊಬ್ಬರ ಪಕ್ಕದಲ್ಲಿ ಕೂತು ಮೆಲ್ಲಗೆ ಮಾತಾಡುವನು. ಮರುದಿನ ಅವನ ಮಾತನ್ನೇ ಬೇರೆಯವರು ತಮ್ಮದೆಂಬಂತೆ ಎದ್ದು ನಿಂತು ಗುಡುಗುವರು, ನಿರ್ಣಯ ಪಾಸಾಗುವುದು.

ನಾವು ಅವನಿಗೆ ದೊಡ್ಡಪ್ಪ ಎಂದು ಹೆಸರಿಟ್ಟಿದ್ದೆವು.

"ದೊಡ್ಡಪ್ಪ ಇವತ್ತು ಎಲ್ಲಿದಾರೆ ಸರ್?" ಎಂದು ಯಾರಾದರೂ ಶುರು ಮಾಡಬೇಕು.

"ಹಡಗಲ್ಲಿ. ಯುರೋಪಿಗೆ ರಾಯಭಾರಿ ಮಾಡಿ ಕಳಿಸಿದಾರೆ. ಮೂರು ದಿನದಿಂದ ಬರೀ ವಾಂತಿ, ಪಾಪ."

ಇನ್ನೊಂದು ದಿನ ದೊಡ್ಡಪ್ಪ ಯಾವುದೋ ರಾಜನ ದರ್ಬಾರಿನ ಬಾಗಿಲಲ್ಲಿ ಕಾಯುತ್ತಿರುವನು. ಯಾರೂ ಒಳಗೆ ಬಿಡುವುದಿಲ್ಲ. ಮಂತ್ರಿಯ ಹೆಂಡತಿಯ ನಾಯಿಯನ್ನು ದಿನಾ ವಾಕಿಂಗ್ ಕರೆದುಕೊಂಡು ಹೋಗಿ, ಅವಳ ಸ್ನೇಹ ಸಂಪಾದಿಸಿ, ಅವಳಿಂದ ಮಂತ್ರಿಯನ್ನು ಹಿಡಿದು, ಮಂತ್ರಿಯಿಂದ ರಾಜನನ್ನು ಹಿಡಿದು ಒಪ್ಪಂದಕ್ಕೆ ಸಹಿ ಹಾಕಿಸುವನು. ಯುದ್ಧ ನಡೆಯುತ್ತಿದ್ದಾಗ ಸಿಪಾಯಿಗಳಿಗೆ ಬೂಟು ಹೊಂದಿಸಿದ್ದು, ಮಂತ್ರಿಯಾದದ್ದು, ವಯಸ್ಸಾದ ಮೇಲೆ ತೋಟಕ್ಕೆ ವಾಪಸಾಗಿ ಮೊಮ್ಮಕ್ಕಳ ನಡುವೆ ಕಣ್ಣು ಮುಚ್ಚಿದ್ದು, ಎಲ್ಲವನ್ನೂ ಕೇಳಿದ್ದೇವೆ. ಸತ್ತ ಮರುವಾರವೇ ದೊಡ್ಡಪ್ಪ ಮತ್ತೆ ಹಡಗಿನಲ್ಲಿರುತ್ತಿದ್ದ. ನಮಗೆ ಕ್ರಮ ಬೇಕಿರಲಿಲ್ಲ. ಹೊರಗೆ ಮೂರು ಗಂಟೆಗೇ ಕತ್ತಲಾಗುವ ಊರಿನಲ್ಲಿ ಕನ್ನಡದಲ್ಲಿ ಒಬ್ಬರು ಕಥೆ ಹೇಳುತ್ತಿದ್ದಾರೆ ಎಂಬುದೇ ದೊಡ್ಡದಾಗಿತ್ತು.

ದೊಡ್ಡಪ್ಪನ ವಿದ್ಯೆ ಸ್ವೀಡನ್ನಿನಲ್ಲೂ ನಡೆಯುತ್ತಿತ್ತು, ಅದನ್ನು ಕಣ್ಣಾರೆ ಕಂಡಿದ್ದೇನೆ. ನಾನು ವಾಸವಿದ್ದ ಕಟ್ಟಡದ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿದ ಬಟ್ಟೆ ಒಗೆಯುವ ಕೋಣೆಯಿತ್ತು. ಅಲ್ಲಿ ನನ್ನ ಪಾಳಿ ಮುಗಿದ ಮೇಲೂ ಒಮ್ಮೆ ಬಟ್ಟೆ ಬಿಟ್ಟಿದ್ದಕ್ಕೆ ಮೂರನೇ ಮಹಡಿಯ ಮುದುಕಿ ಬಾಗಿಲಿಗೆ ಒಂದು ಚೀಟಿ ಅಂಟಿಸಿದ್ದಳು. ಅಲ್ಲಿನ ಜನ ಎದುರಿಗೆ ಜಗಳವಾಡುವುದಿಲ್ಲ, ಚೀಟಿ ಅಂಟಿಸುತ್ತಾರೆ. ನನಗೆ ಮೈಯೆಲ್ಲ ಉರಿದು, ಅದರ ಕೆಳಗೇ ಉತ್ತರ ಬರೆಯಲು ಹೊರಟಿದ್ದೆ. ಕಚೇರಿಯಲ್ಲಿ ಹೇಳಿಕೊಂಡಾಗ ಸರ್ ತಡೆದರು. "ಕೇಸರಿಬಾತ್ ಮಾಡು. ನಾನೂ ಬರ್ತೀನಿ" ಎಂದರು. ಅರ್ಧ ಗಂಟೆ ಆ ಮುದುಕಿಯ ಅಡುಗೆಮನೆಯಲ್ಲಿ ಕೂತು ಅವಳ ಸೊಂಟನೋವಿನ ಬಗ್ಗೆ ಮಾತಾಡಿದರು, ಬಟ್ಟೆಯ ಸುದ್ದಿಯನ್ನೇ ಎತ್ತಲಿಲ್ಲ. ಆಮೇಲೆ ಆಕೆ ನನ್ನ ಮಗಳಿಗೆ ಉಲ್ಲನ್ ಟೋಪಿ ಹೆಣೆದುಕೊಟ್ಟಳು. ಎಲ್ಲರೂ ಜುಲೈಯಲ್ಲಿ ರಜೆ ಹಾಕುವ ದೇಶದಲ್ಲಿ ನಮಗೆ ಡಿಸೆಂಬರಿನಲ್ಲಿ ರಜೆ ಸಿಗುತ್ತಿದ್ದದ್ದೂ ಅವರು ಮ್ಯಾನೇಜರ್ ಆಂಡರ್ಸ್ ಜೊತೆ ಕುಡಿದ ಕಾಫಿಗಳಿಂದಲೇ.

ಈಗ ನನ್ನ ವಿಷಯ ಸ್ವಲ್ಪ ಹೇಳಬೇಕು, ಇಲ್ಲದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಾನು ಗಂಡನನ್ನು ಬಿಟ್ಟು ಬಂದವಳು. ಮೈಸೂರಿನಲ್ಲಿ ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ ಮಗುವಿನೊಂದಿಗೆ ಒಂದು ವರ್ಷ ಇದ್ದೆ. ಅಣ್ಣ ಅತ್ತಿಗೆ ಕೆಟ್ಟವರಲ್ಲ. ಆದರೆ ಬಂದವರೆಲ್ಲ ನನ್ನನ್ನು ಕಂಡೊಡನೆ ದನಿ ತಗ್ಗಿಸುವರು, ಅತ್ತಿಗೆ ಹಬ್ಬಕ್ಕೆ ಕುಂಕುಮ ಕೊಡುವಾಗ ಒಂದು ಕ್ಷಣ ಅನುಮಾನಿಸುವಳು. ಸೋಲ್ನಾದ ಎರಡು ಕೋಣೆಯ ಮನೆಯಲ್ಲಿ ಯಾರೂ ನನ್ನನ್ನು "ಯಜಮಾನರು ಎಲ್ಲಿದ್ದಾರೆ" ಎಂದು ಕೇಳಲಿಲ್ಲ. ಮಗಳ ಡಾಗಿಸ್‌ನಲ್ಲಿ, ಅಂದರೆ ಶಿಶುವಿಹಾರದಲ್ಲಿ, ಅರ್ಧದಷ್ಟು ಮಕ್ಕಳ ಅಪ್ಪ ಅಮ್ಮ ಬೇರೆ ಬೇರೆ ಮನೆಯಲ್ಲಿದ್ದರು. ಅವಳು ನಾನು ಕನ್ನಡದಲ್ಲಿ ಕೇಳಿದ್ದಕ್ಕೆ ಸ್ವೀಡಿಷ್‌ನಲ್ಲಿ ಉತ್ತರ ಕೊಡುತ್ತಾ ಬೆಳೆಯುತ್ತಿದ್ದಳು. ನಾಲ್ಕು ವರ್ಷ ಕೆಲಸ ಮಾಡಿದರೆ ಖಾಯಂ ವಾಸದ ಅನುಮತಿ ಸಿಗುತ್ತದೆ, ಆಮೇಲೆ ಕೆಲಸ ಹೋದರೂ ದೇಶ ಬಿಡಬೇಕಿಲ್ಲ. ಆ ದಿನವನ್ನೇ ಎದುರು ನೋಡುತ್ತಾ ಬದುಕುತ್ತಿದ್ದೆ.

ಅದಕ್ಕೆ ಇನ್ನು ಕೆಲವೇ ತಿಂಗಳಿವೆ ಎನ್ನುವಾಗ, ಅಮೆರಿಕದ ಬ್ಯಾಂಕುಗಳು ಮುಳುಗಿದ ಆ ಚಳಿಗಾಲದಲ್ಲಿ, ನಮ್ಮ ಕಚೇರಿಯಲ್ಲೂ ಜನರನ್ನು ತೆಗೆಯುತ್ತಾರೆ ಎಂದಾಯಿತು. ಸ್ವೀಡನ್ನಿನಲ್ಲಿ ಅದಕ್ಕೂ ಒಂದು ಕ್ರಮವಿದೆ. ಕೊನೆಗೆ ಸೇರಿದವರು ಮೊದಲು ಹೋಗಬೇಕು. ನನ್ನ ನಂತರ ಸೇರಿದವರು ಬೇಕಾದಷ್ಟು ಮಂದಿ ಇದ್ದದ್ದರಿಂದ ನಾನು ಧೈರ್ಯವಾಗಿದ್ದೆ. ಆದರೆ ಕಂಪನಿಯೂ ನೌಕರರ ಸಂಘವೂ ಕೂತು ಒಪ್ಪಿದರೆ ಆ ಕ್ರಮವನ್ನು ಬದಲಿಸಬಹುದು. ಆಂಡರ್ಸ್ ಹಾಗೆ ಬದಲಿಸಬೇಕೆಂದು ಕೇಳಿದ. ಹೊಸ ಕೆಲಸಕ್ಕೆ ಹೊಸಬರೇ ಬೇಕು ಎಂಬುದು ಅವನ ವಾದ. ಅವನ ಕ್ರಮದಲ್ಲಿ ನಾನು ಹೋಗುವವಳು.

ಸಂಘದ ಕಡೆಯಿಂದ ಮಾತುಕತೆಗೆ ಕೂರುವವರು ಮೂವರು, ಅವರಲ್ಲಿ ಸರ್ ಒಬ್ಬರು. ಹಿಂದಿನ ವರ್ಷ ಬೇರೆ ಯಾರೂ ಮುಂದೆ ಬಾರದಿದ್ದಾಗ ಎಲ್ಲರೂ ಸೇರಿ ಅವರನ್ನು ಆರಿಸಿದ್ದರು. ಅವತ್ತು ಅವರ ಹೆಂಡತಿ ಹೋಳಿಗೆ ಮಾಡಿ ಕಳಿಸಿದ್ದರು. ನಾವು "ದೊಡ್ಡಪ್ಪ ಎಲೆಕ್ಷನ್ ಗೆದ್ದ" ಎಂದು ಕುಣಿದಿದ್ದೆವು.

ಸಭೆಗೆ ಎರಡು ದಿನ ಮೊದಲು ಅವರು ನನ್ನ ಮೊಣಕೈ ಮುಟ್ಟಿ ಕಿಟಕಿಯ ಹತ್ತಿರ ಕರೆದು ಎಲ್ಲ ಹೇಳಿದರು.

"ಬೇಡ ಅನ್ನಿ ಸರ್. ಅಷ್ಟೇ ಸಾಕು. ನೀವೊಬ್ರು ಒಪ್ಪಲ್ಲ ಅಂದ್ರೂ ಅವ್ರು ಮುಂದಕ್ಕೆ ಹೋಗಲ್ಲ. ಇವ್ರದ್ದು ಗೊತ್ತಲ್ಲ, ಎಲ್ರೂ ಹೂಂ ಅನ್ನೋವರೆಗೂ ಕೂತೇ ಇರ್ತಾರೆ."

"ನಾನಿದ್ದೀನಲ್ಲಮ್ಮ. ನೀನು ಮಗೂನ ನೋಡ್ಕೋ. ಇದನ್ನ ನನಗೆ ಬಿಡು."

ಬಿಟ್ಟೆ. ಅವರಿಗಲ್ಲದೆ ಇನ್ಯಾರಿಗೆ ಬಿಡಲಿ?

ಸಭೆ ಮುಗಿದು ಹೊರಗೆ ಬಂದಾಗ ಅವರು ನನ್ನತ್ತ ನೋಡಿ ತಲೆಯಾಡಿಸಿದರು. ಆಗಿದೆ ಎಂದುಕೊಂಡೆ. ಹತ್ತಿರ ಹೋದರೆ, "ಅವರ ಮಾತು ಮುಗೀತು. ಇನ್ನು ನಮ್ಮದು ಶುರು. ಸಭೆಯಲ್ಲಿ ಎಲ್ಲರೆದುರು ಬೇಡ ಅಂದು ಆಂಡರ್ಸ್ ಮುಖ ಕೆಡಿಸಿದ್ರೆ ಅವನು ಹಟಕ್ಕೆ ಬೀಳ್ತಾನೆ. ನಾಳೆ ಬೆಳಿಗ್ಗೆ ಕಾಫಿಗೆ ಅವನೊಬ್ಬನನ್ನೇ ಹಿಡೀತೀನಿ" ಎಂದರು. ಅವರ ಮುಖದಲ್ಲಿ ಸ್ವಲ್ಪವೂ ಅಳುಕಿರಲಿಲ್ಲ. ನನಗೂ ಹೌದೆನ್ನಿಸಿತು. ನಮ್ಮ ಕಡೆಯ ಯಾವ ಕಚೇರಿಯಲ್ಲಿ ಕೆಲಸ ಸಭೆಯಲ್ಲಿ ಆಗಿದೆ? ಸಭೆಯಲ್ಲಿ ಹೂಂ ಎಂದು, ಆಮೇಲೆ ಸಾಹೇಬರ ಕೋಣೆಯ ಬಾಗಿಲು ತಟ್ಟುವುದೇ ನಮ್ಮ ರೂಢಿ. ಅಲ್ಲಿ ಆಗುವುದೇ ನಿಜವಾದ ತೀರ್ಮಾನ.

ಒಳಗೆ ನಡೆದದ್ದನ್ನು ನನಗೆ ಹೇಳಿದವಳು ಸಂಘದ ಇನ್ನೊಬ್ಬ ಪ್ರತಿನಿಧಿ ಲೀನಾ. ಆಂಡರ್ಸ್ ತನ್ನ ಕ್ರಮವನ್ನು ವಿವರಿಸಿದನಂತೆ. ಒಬ್ಬೊಬ್ಬರನ್ನೂ ಏನಾದರೂ ಹೇಳುವುದಿದೆಯೇ ಎಂದು ಕೇಳಿದನಂತೆ. ಸರ್ ಮುಂದೆಯೂ ನಿಂತು ಕಾದನಂತೆ. ಅವರು ಮೇಜು ನೋಡುತ್ತಾ ಸುಮ್ಮನಿದ್ದರು. "ಹಾಗಾದರೆ ಹೀಗೆಂದು ತೀರ್ಮಾನಿಸಬಹುದೇ?" ಎಂದಾಗ ಉಳಿದವರು "ಯಾ" ಎಂದರು. ಮೇಜಿನ ಮೇಲೆ ಸುತ್ತಿಗೆ ಬಿತ್ತು. ಲೀನಾಗೆ ಅರ್ಥವಾಗದ ಒಂದೇ ವಿಷಯವೆಂದರೆ, ನನ್ನ ಮೇಲೆ ಅಷ್ಟು ಅಕ್ಕರೆಯಿದ್ದ ಮನುಷ್ಯ ಯಾಕೆ ಒಪ್ಪಿಕೊಂಡರು ಎಂಬುದು. ಅವಳ ಪ್ರಕಾರ ಅವರು ಒಪ್ಪಿದ್ದರು. ಬೇಡವಾಗಿದ್ದರೆ ಬೇಡ ಎನ್ನುತ್ತಿರಲಿಲ್ಲವೇ?

ಮರುದಿನ ಬೆಳಿಗ್ಗೆ ಸರ್ ಆಂಡರ್ಸನನ್ನು ಕಾಫಿ ಯಂತ್ರದ ಪಕ್ಕ ನಿಲ್ಲಿಸಿಕೊಂಡು ಮಾತಾಡುವುದನ್ನು ದೂರದಿಂದ ನೋಡಿದೆ. ಆಂಡರ್ಸ್ ಕೋಪಿಸಿಕೊಳ್ಳಲಿಲ್ಲ. ಅವನ ಮುಖದಲ್ಲಿದ್ದದ್ದು ಬರೀ ಗೊಂದಲ. ತಲೆ ಅಲ್ಲಾಡಿಸುತ್ತಾ ಏನೋ ಕೇಳಿದ, ಭುಜ ಮುಟ್ಟಿದ, ಬಟ್ಟಲು ಹಿಡಿದು ಹೋದ. ಸರ್ ಅಲ್ಲೇ ನಿಂತಿದ್ದರು. ಯಂತ್ರದ ಮುಂದೆ ಸಾಲು ನಿಂತವರು ಅವರನ್ನು ಬಳಸಿಕೊಂಡು ಹೋಗಿ ಕಾಫಿ ಹಿಡಿಯುತ್ತಿದ್ದರು.

ಇಪ್ಪತ್ತು ವರ್ಷಕ್ಕೂ ಮೇಲೆ ಆ ದೇಶದಲ್ಲಿ ಬದುಕಿದವರಿಗೆ ಇಷ್ಟು ಗೊತ್ತಾಗಲಿಲ್ಲವೇ ಎಂದು ನೀವು ಕೇಳಬಹುದು. ನಾನೂ ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಕೇಸರಿಬಾತು, ರಜೆ, ಟೋಪಿ ಇವೆಲ್ಲ ಯಾವ ಸಭೆಗೂ ಹೋಗದ ವಿಷಯಗಳಾಗಿದ್ದವು. ಅವು ಗೆದ್ದದ್ದನ್ನು ನೋಡಿ ಅವರು ದೊಡ್ಡಪ್ಪನ ವಿದ್ಯೆಯನ್ನು ಇನ್ನಷ್ಟು ನಂಬಿದರು, ನಾವು ಚಪ್ಪಾಳೆ ತಟ್ಟಿ ಇನ್ನೂ ನಂಬಿಸಿದೆವು. ಅಲ್ಲಿನವರಿಗೆ ಸಭೆಯೆಂದರೆ ಮಾತಾಡುವ ಜಾಗ. ಎಲ್ಲರಿಗೂ ಸರದಿ ಕೊಡುತ್ತಾರೆ, ಸರದಿಯಲ್ಲಿ ಸುಮ್ಮನಿದ್ದರೆ ಒಪ್ಪಿಗೆ, ಆಮೇಲೆ ಕಾಫಿಯಲ್ಲಿ ಬಂದು ಬೇರೆ ಹೇಳಿದರೆ ಅದು ಮೋಸ. ಬೇಡ ಎಂದರೆ ನಿಲ್ಲುತ್ತದೆ ಎಂದು ನನಗೆ ಗೊತ್ತಿತ್ತು, ಸುಮ್ಮನಿದ್ದರೆ ಒಪ್ಪಿಗೆ ಎಂಬುದು ನನಗೂ ಆಗ ಗೊತ್ತಿರಲಿಲ್ಲ.

ಆ ಭಾನುವಾರ ಮಧ್ಯಾಹ್ನ ಅವರೂ ಅವರ ಹೆಂಡತಿಯೂ ನಮ್ಮ ಮನೆಗೆ ಬಂದರು. ಕೋಟು ಬಿಚ್ಚದೆಯೇ ಸೋಫಾದ ತುದಿಯಲ್ಲಿ ಕೂತರು. ಅವರ ಬಾಯಲ್ಲಿ ಧಾರವಾಡದ ಕನ್ನಡವನ್ನು ನಾನು ಮೊದಲ ಸಲ ಕೇಳಿದ್ದು ಅವತ್ತೇ.

"ತಪ್ಪಾತು ತಂಗಿ. ಅಲ್ಲೇ ಬಾಯಿ ತಗೀಬೇಕಾಗಿತ್ತು, ತಗೀಲಿಲ್ಲ. ಹೊರಗ ಬಂದು ಮಾತಾಡಿದ್ರ ಆಗ್ತದ ಅಂತ ತಿಳಕೊಂಡೆ. ಅಂವಾ ಒಂದೇ ಮಾತು ಕೇಳಿದಾ, ನೀನೂ ಅಲ್ಲೇ ಇದ್ದೆಲ್ಲಾ ಅಂತ. ನಿನ್ನ ಸುದ್ದಿ ಹೇಳೂದರೊಳಗ ಹೋಗೇಬಿಟ್ಟಾ."

ಅವರ ಹೆಂಡತಿ ಕಣ್ಣೊರೆಸಿಕೊಂಡರು. ನಾನು ಚಹಾ ಮಾಡುತ್ತೇನೆಂದು ಎದ್ದೆ, ಸರ್ ಬೇಡವೆಂದರು. "ದೊಡ್ಡಪ್ಪಂದೂ ಇಂಥಾದ್ದೊಂದು ಅದ. ನಿಮಗ ಯಾರಿಗೂ ಹೇಳಿಲ್ಲ" ಎಂದರು.

ದೇಶದ ಕಾನೂನು ಬರೆಯಲು ಕೂತ ಸಭೆಯಲ್ಲಿ ದೊಡ್ಡಪ್ಪನೂ ಇದ್ದ. ಮನುಷ್ಯರನ್ನು ಕೊಂಡು ಮಾರುವ ಮಾತು ಅಲ್ಲಿ ಬಂತು. ಅದು ತಪ್ಪೆಂದು ದೊಡ್ಡಪ್ಪನಿಗೆ ಗೊತ್ತಿತ್ತು. ಸ್ನೇಹಿತರ ಮುಂದೆ ಹಾಗೆಂದು ಹೇಳಿಯೂ ಇದ್ದ. ಆದರೆ ಎಲ್ಲರೆದುರು ಎತ್ತಿದರೆ ದಕ್ಷಿಣದವರು ಎದ್ದು ಹೋಗುತ್ತಾರೆ, ಕಟ್ಟಿದ ಮನೆ ಬೀಳುತ್ತದೆ, ಮೊದಲು ಸಹಿಯಾಗಲಿ, ಆಮೇಲೆ ಒಬ್ಬೊಬ್ಬರನ್ನೇ ಹಿಡಿದು ಒಪ್ಪಿಸೋಣ ಎಂದುಕೊಂಡು ಸುಮ್ಮನೆ ಕೂತ. ಸಹಿಯಾಯಿತು. ಮಂತ್ರಿಯಾದ, ಮುದುಕನಾದ. ಅವನು ಸತ್ತಾಗ ಅವನದೇ ತೋಟದಲ್ಲಿದ್ದ ಆಳುಗಳನ್ನು, ತಾಯಿ ಒಂದು ಕಡೆ ಮಕ್ಕಳು ಒಂದು ಕಡೆ, ದನಕರುಗಳ ಜೊತೆ ಮೊಮ್ಮಕ್ಕಳಿಗೆ ಹಂಚಿದರು.

"ಇಷ್ಟು ವರ್ಷ ಯಾಕೆ ಹೇಳ್ಲಿಲ್ಲ ಸರ್ ಇದನ್ನ?"

"ಹೇಳಿದ್ರ ಅಂವಾ ನಿಮ್ಮ ದೊಡ್ಡಪ್ಪ ಆಗಿ ಉಳೀತಿದ್ದನೇನು?"

ನನ್ನ ಕಷ್ಟವನ್ನು ಆ ಜನರ ಕಷ್ಟದ ಪಕ್ಕ ಇಟ್ಟು ತೂಗುವಷ್ಟು ಬುದ್ಧಿಗೇಡಿ ನಾನಲ್ಲ. ನಾನು ವಿಮಾನದ ಟಿಕೆಟ್ ತೆಗೆದುಕೊಂಡು ಮನೆಗೆ ಹೋಗುವವಳು. ಆದರೂ ಅವತ್ತು ನನಗೆ ಕಂಡದ್ದನ್ನು ಬರೆಯುತ್ತೇನೆ. ಆ ಮುತ್ಸದ್ದಿಯ ಬದುಕಿನ ಈ ಅಧ್ಯಾಯವನ್ನು ಅವರು ಸ್ಯಾಂಡ್‌ವಿಕೆನ್‌ನ ಆ ಚಳಿಗಾಲದಲ್ಲೇ ಓದಿದ್ದರು, ಎರಡೆರಡು ಸಲ ಓದಿದ್ದರು. ಓದಿಯೂ ಅದನ್ನು ಬದಿಗಿಟ್ಟು, ಉಳಿದ ಪುಸ್ತಕದಂತೆ ಬದುಕಲು ಹೊರಟಿದ್ದರು. ನನಗೆ ಅವರ ಮೇಲೆ ಕನಿಕರ ಬರಲಿಲ್ಲ. "ನೀವು ಹೊರಡಿ ಸರ್, ಮಗಳನ್ನ ಕರ್ಕೊಂಡು ಬರೋ ಟೈಮಾಯ್ತು" ಎಂದೆ. ಮಗಳು ಮೂರನೇ ಮಹಡಿಯ ಮುದುಕಿಯ ಮನೆಯಲ್ಲಿದ್ದಳು, ಹೊತ್ತಾಗಿರಲಿಲ್ಲ. ಅವರು ಎದ್ದರು.

ಎಷ್ಟು ಕಡೆ ಅರ್ಜಿ ಹಾಕಿದರೂ ಆ ವರ್ಷ ಯಾರೂ ಯಾರನ್ನೂ ಸೇರಿಸಿಕೊಳ್ಳುತ್ತಿರಲಿಲ್ಲ. ಮಗಳಿಗೆ ಮೈಸೂರಿಗೆ ರಜೆಗೆ ಹೋಗುತ್ತಿದ್ದೇವೆ ಎಂದು ಹೇಳಿದೆ. ಅಣ್ಣನ ಮನೆಯ ಮಹಡಿಯ ಕೋಣೆಯಲ್ಲಿ ಆಮೇಲೆ ನಾವಿಬ್ಬರೂ ಕಳೆದ ವರ್ಷಗಳನ್ನು ಇಲ್ಲಿ ಬರೆಯುವುದಿಲ್ಲ. ಅಲ್ಲಿ ಅವಳು ತಿಂಗಳುಗಟ್ಟಲೆ ಯಾವ ಭಾಷೆಯಲ್ಲೂ ಮಾತಾಡಲಿಲ್ಲ ಎಂಬುದೊಂದನ್ನು ಬರೆದರೆ ಸಾಕು.

ಕಚೇರಿ ಬಿಡುವವರಿಗೆ ಅಲ್ಲಿ ಕೇಕು ಕತ್ತರಿಸಿ ಥ್ಯಾಂಕ್ಸ್ ಹೇಳಿ ಕಳಿಸುತ್ತಾರೆ, ತೆಗೆದುಹಾಕಿದವರಿಗೂ ಸಹ. ನನ್ನ ಕೊನೆಯ ಶುಕ್ರವಾರ ಮಧ್ಯಾಹ್ನದ ಫೀಕಾಗೆ ಇಡೀ ವಿಭಾಗ ಸೇರಿತ್ತು. ಆಂಡರ್ಸ್ ಎರಡು ಒಳ್ಳೆಯ ಮಾತಾಡಿ ಹೂಗುಚ್ಛ ಕೊಟ್ಟ. ಚಪ್ಪಾಳೆ ಮುಗಿದು ಕೇಕಿನ ತಟ್ಟೆಗಳು ಕೈಯಿಂದ ಕೈಗೆ ಹೋಗುತ್ತಿದ್ದಾಗ ಸರ್ ಕುರ್ಚಿ ಹಿಂದೆ ಸರಿಸಿ ಎದ್ದು ನಿಂತರು. ಅವರು ನಾಲ್ಕು ಜನರ ಮುಂದೆ ಎದ್ದು ನಿಂತದ್ದನ್ನು ನಾನು ಅದುವರೆಗೆ ಕಂಡಿರಲಿಲ್ಲ.

ಸ್ವೀಡಿಷ್‌ನಲ್ಲಿ ಮಾತಾಡಿದರು. ಈ ಹುಡುಗಿ ಹೋಗಬೇಕಾಗಿರಲಿಲ್ಲ ಎಂದರು. ಕ್ರಮದ ಪ್ರಕಾರ ಅವಳ ಕೆಲಸ ಉಳಿಯಬೇಕಿತ್ತು, ಅವಳಿಗೆ ಇಲ್ಲಿ ಇರಲು ಇನ್ನು ಕೆಲವೇ ತಿಂಗಳು ಬೇಕಿತ್ತು, ಒಂಟಿಯಾಗಿ ಮಗಳನ್ನು ಸಾಕುತ್ತಿದ್ದಾಳೆ, ಅವಳಿಗೆ ಭಾರತದಲ್ಲಿ ತನ್ನದೆಂಬ ಮನೆಯಿಲ್ಲ. ಇದೆಲ್ಲ ನನಗೆ ಗೊತ್ತಿತ್ತು, ಸಭೆಯಲ್ಲಿ ಹೇಳಬೇಕಾಗಿದ್ದವನು ನಾನು, ಹೇಳಲಿಲ್ಲ ಎಂದರು. ಒಂದು ಮಾತೂ ತಪ್ಪಲಿಲ್ಲ. ಫೀಕಾದಲ್ಲಿ ಇಂಥ ಮಾತು ಆಡಬಾರದು. ನನ್ನ ಬದುಕನ್ನು ಎಲ್ಲರ ಕೇಕಿನ ತಟ್ಟೆಯ ಮುಂದೆ ಬಿಚ್ಚಿಟ್ಟದ್ದಕ್ಕೆ ನನಗೆ ನೆಲ ಬಾಯಿಬಿಟ್ಟರೆ ಸಾಕೆನ್ನಿಸಿತು. ಆದರೆ ಯಾರೂ ಬಟ್ಟಲಿನೊಳಗೆ ನೋಡಲಿಲ್ಲ, ಯಾರೂ ತಡೆಯಲಿಲ್ಲ. ಚಮಚ ಕೆಳಗಿಟ್ಟು, ಅವರು ಮುಗಿಸುವವರೆಗೂ ಒಬ್ಬೊಬ್ಬರೂ ಅವರ ಮುಖವನ್ನೇ ನೋಡುತ್ತಾ ಕೇಳಿಸಿಕೊಂಡರು.

ಅವರು ಕೂತ ಮೇಲೆ ಆಂಡರ್ಸ್ ನನ್ನ ಹತ್ತಿರ ಬಂದ. ಅವನ ಕಿವಿಯೆಲ್ಲ ಕೆಂಪಾಗಿತ್ತು.

"ನನಗೆ ಇದು ಗೊತ್ತಿರಲಿಲ್ಲ," ಎಂದ. "ಆ ದಿನ ಇಷ್ಟು ಹೇಳಿದ್ದರೆ ನಾವು ಹಳೆಯ ಕ್ರಮದಲ್ಲೇ ಹೋಗುತ್ತಿದ್ದೆವು."

ಸರ್ ನನ್ನ ಪಕ್ಕದ ಕುರ್ಚಿಯಲ್ಲೇ ಇದ್ದರು. ಅವನು ಹೇಳಿದ್ದು ಅವರಿಗೂ ಕೇಳಿಸಿತು.